ಹಳೇ ಎಸ್ಟೀಮಿಗೆ ಹೊಸ ಟೈರ್: ಅಗಲಕ್ಕಿಂತ ಮೊದಲು ತಾರೀಖು ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಟೈರ್ ಅಂಗಡಿಯೊಂದರಲ್ಲಿ ‘ಮಾರುತಿ ಎಸ್ಟೀಮ್ ಕಾರಿಗೆ ಒಂದು ಸೆಟ್ ಒಳ್ಳೇ ಟೈರ್ ಬೇಕಿತ್ತು’ ಅಂದೆ. ಕೌಂಟರಿನಲ್ಲಿದ್ದವರು ತಲೆ ಎತ್ತಿ ನೋಡಿದರು.

‘ಎಸ್ಟೀಮಾ? ಇನ್ನೂ ಇಟ್ಕೊಂಡಿದ್ದೀರಾ ಸಾರ್?’

‘ಇದೆ. ಮಳೆಗಾಲದಲ್ಲೂ ಘಾಟಿ ಹತ್ತಿಸ್ತೀನಿ. ಗ್ರಿಪ್ ಚೆನ್ನಾಗಿರಬೇಕು.’

‘ಹದಿಮೂರು ಇಂಚಲ್ಲಿ ಈಗ ಬರೋದೇ ಎರಡು ಮೂರು ಐಟಂ ಸಾರ್. ಇದು ಹಾಕ್ಸಿ. ಅರವತ್ತು ಸಾವಿರ ಕಿಲೋಮೀಟರ್ ಯೋಚನೆ ಮಾಡೋ ಹಾಗಿಲ್ಲ.’

ನಾನು ಕೇಳಿದ್ದು ಗ್ರಿಪ್. ಅವರು ತೋರಿಸಿದ್ದು ಬಾಳಿಕೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆ ಸೈಜಿನ ಟೈರ್ ಕೇಳಿಕೊಂಡು ಬರುವವರಲ್ಲಿ ಬಹುಪಾಲು ಜನಕ್ಕೆ ಬೇಕಾಗಿರುವುದು ಅದೇ. ಆದರೆ ನನ್ನ ಲೆಕ್ಕ ಬೇರೆ. ನನ್ನ ಕಾರು ವರ್ಷಕ್ಕೆ ಓಡುವುದು ಐದು ಸಾವಿರ ಕಿಲೋಮೀಟರ್. ಅರವತ್ತು ಸಾವಿರ ಮುಗಿಯಬೇಕಾದರೆ ಹನ್ನೆರಡು ವರ್ಷ ಬೇಕು. ಅಷ್ಟು ವರ್ಷ ಯಾವ ರಬ್ಬರೂ ನೆಟ್ಟಗಿರುವುದಿಲ್ಲ. ಅಂದರೆ ಆ ಬಾಳಿಕೆಯ ಅರ್ಧಭಾಗಕ್ಕೆ ನಾನು ಸುಮ್ನೆ ದುಡ್ಡು ಕೊಟ್ಟ ಹಾಗೆ. ಅದರ ಜೊತೆಗೆ, ಬಾಳಿಕೆಗಾಗಿ ಗಟ್ಟಿ ಮಾಡಿದ ರಬ್ಬರಿನ ಮೇಲೆ ಅಷ್ಟೂ ವರ್ಷ ಬ್ರೇಕ್ ಒತ್ತುತ್ತಾ ಇರಬೇಕು.

ಹಳೇ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರ ಟೈರುಗಳು ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತವೆ. ಟೈರ್ ಹುಡುಕುವಾಗ ಇದೊಂದು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ನಾನು ಹೇಳುತ್ತಿರುವ ಗಾಡಿ ಮಾರುತಿ ಎಸ್ಟೀಮ್. 1994ರಲ್ಲಿ ಬಂತು, 2007ರಲ್ಲಿ ನಿಂತಿತು. 1.3 ಲೀಟರ್ ಎಂಜಿನ್. ಕೊನೆಯ ವರ್ಷಗಳ 16 ವಾಲ್ವ್ ಎಂಜಿನ್ನಿಗೆ 85 ಎಚ್‌ಪಿ ಆಸುಪಾಸಿನ ಶಕ್ತಿ. ಈಗಿನ ಕಾಲಕ್ಕೆ ಅದೇನು ಮಹಾ ಅಲ್ಲ. ಆದರೆ ಖಾಲಿ ಗಾಡಿಯ ತೂಕ 900 ಕೆಜಿಯ ಒಳಗೇ ಇದೆ. ಮೈ ಹಗುರ, ಹಾಗಾಗಿ ಓಡಿಸಲು ಖುಷಿ. ನಮ್ಮ ದೇಶದ ರ‍್ಯಾಲಿ, ರೇಸುಗಳಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಎಸ್ಟೀಮ್ ಕಾಣುತ್ತಿತ್ತು. ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್, ಫೋರ್ಡ್ ಐಕಾನ್, ಪಾಲಿಯೊ 1.6, ಮಿತ್ಸುಬಿಷಿ ಲ್ಯಾನ್ಸರ್ ಇಟ್ಟುಕೊಂಡವರ ಗೋಳೂ ಹೆಚ್ಚುಕಮ್ಮಿ ಇದೇ. ಅಂಕಿ ಮಾತ್ರ ಬೇರೆ.

ಮೊದಲು ವಯಸ್ಸಿನ ವಿಷಯ. ಬಚ್ಚಲುಮನೆಯ ಹವಾಯಿ ಚಪ್ಪಲಿ ನೆನಪು ಮಾಡಿಕೊಳ್ಳಿ. ತಂದ ಹೊಸದರಲ್ಲಿ ಒದ್ದೆ ನೆಲದ ಮೇಲೆ ಕಚ್ಚಿ ಹಿಡಿಯುತ್ತದೆ. ನಾಲ್ಕೈದು ವರ್ಷ ಆದ ಮೇಲೆ ಅದರ ಗೆರೆಗಳೆಲ್ಲ ಹಾಗೇ ಇದ್ದರೂ ಜಾರುತ್ತದೆ. ಒತ್ತಿ ನೋಡಿದರೆ ಹಲಗೆಯ ಹಾಗಿರುತ್ತದೆ. ಟೈರಿಗೆ ಆಗುವುದೂ ಅದೇ. ರಬ್ಬರ್ ಅಂದರೆ ಉದ್ದುದ್ದ ಎಳೆಗಳ ಗೋಜಲು. ಗಂಧಕ ಸೇರಿಸಿ ಬೇಯಿಸಿದಾಗ ಆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಬೀಳುತ್ತದೆ. ಆ ಗಂಟುಗಳಿಂದಲೇ ರಬ್ಬರಿಗೆ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಗುಣ ಬರುವುದು. ಕಾರ್ಖಾನೆಯಿಂದ ಹೊರಬಂದ ಮೇಲೂ ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಹೊಸ ಗಂಟು ಹಾಕುತ್ತಲೇ ಇರುತ್ತವೆ. ಗಂಟು ಜಾಸ್ತಿಯಾದಷ್ಟೂ ರಬ್ಬರ್ ಗಟ್ಟಿ. ಇನ್ನೊಂದು ಕಡೆಯಿಂದ ಓಝೋನ್ ಎಳೆಗಳನ್ನು ಕತ್ತರಿಸುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಕಾಣುವ ಸಣ್ಣ ಸಣ್ಣ ಬಿರುಕುಗಳು ಅದರ ಕೆಲಸ.

ಇದನ್ನು ತಡೆಯಲೆಂದೇ ತಯಾರಕರು ರಬ್ಬರಿನ ಒಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರೆ. ಟೈರ್ ಉರುಳಿ ಬಳುಕಿದಾಗ ಅದು ಮೇಲಕ್ಕೆ ಬಂದು ತೆಳುವಾದ ಪೊರೆ ಕಟ್ಟುತ್ತದೆ. ಕವರ್ ಹಾಕಿ ನಿಲ್ಲಿಸಿದ ಕಾರಿನಲ್ಲಿ ಈ ಬಳುಕಾಟ ಇಲ್ಲ. ಹಾಗಾಗಿ ‘ಗಾಡಿ ಓಡೇ ಇಲ್ಲ, ಟೈರ್ ಹೊಸದರ ಹಾಗಿದೆ’ ಅನ್ನುವ ಮಾತು ತಲೆಕೆಳಗು. ಓಡದೆ ನಿಂತ ಟೈರ್ ಬೇಗ ಬಿರಿಯುತ್ತದೆ.

ವಯಸ್ಸು ತಿಳಿಯುವುದು ಸುಲಭ. ಟೈರಿನ ಗೋಡೆಯ ಮೇಲೆ ಡಾಟ್ ಎಂದು ಓದಬಹುದಾದ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಆ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಬೇಡಿ. ಈ ಅಂಕಿ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಇರುತ್ತದೆ. ಕಾರಿನ ಒಳಮುಖಕ್ಕೆ ಬಿದ್ದಿದ್ದರೆ ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಲೇಬೇಕು.

ನಾನೊಮ್ಮೆ ಹೀಗೆ ಮೋಸ ಹೋಗಿದ್ದೇನೆ. ಅಂಗಡಿಯಲ್ಲಿ ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದ ಎರಡು ಟೈರ್ ಹಾಕಿಸಿಕೊಂಡು ಬಂದೆ. ಬಿಲ್ ಇತ್ತು, ಸ್ಟಿಕ್ಕರ್ ಇತ್ತು, ಮೇಲಿನ ರಬ್ಬರ್ ಕೂದಲೂ ಇತ್ತು. ಮನೆಗೆ ಬಂದು ನೋಡಿದರೆ ನಾಲ್ಕು ವರ್ಷದ ಹಿಂದಿನ ಮಾಲು. ಮಿಂಚು ಪಾಲಿಶಿನದ್ದು. ಹೆಚ್ಚು ಬಿಕರಿಯಾಗದ ಸೈಜುಗಳಲ್ಲಿ ಈ ಅಪಾಯ ಜಾಸ್ತಿ. ವರ್ಷಕ್ಕೆ ನಾಲ್ಕು ಸೆಟ್ ಹೋಗುವ ಸೈಜು ಗೋಡೌನಿನ ಮೂಲೆಯಲ್ಲಿ ಕೂತೇ ಇರುತ್ತದೆ. ಈಗ ನನ್ನ ನಿಯಮ ಹೀಗೆ: ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಇಟ್ಟಿದ್ದಾದರೆ ಒಂದು ವರ್ಷದ ತನಕ ಪರವಾಗಿಲ್ಲ. ಅದಕ್ಕಿಂತ ಹಳೆಯದಾದರೆ ಬೇರೆ ಮಾಲು ತರಿಸಿ ಅನ್ನುತ್ತೇನೆ. ಡಿಸ್ಕಿಗೆ, ಅಂದರೆ ಟೈರ್ ಕೂರುವ ಲೋಹದ ಚಕ್ರಕ್ಕೆ, ಏರಿಸುವ ಮೊದಲೇ ನಾಲ್ಕೂ ಟೈರಿನ ತಾರೀಖು ಓದುತ್ತೇನೆ. ಏರಿಸಿದ ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ.

ಎಷ್ಟು ವರ್ಷಕ್ಕೆ ಬದಲಿಸಬೇಕು? ಮಿಶೆಲಿನ್, ಕಾಂಟಿನೆಂಟಲ್‌ನಂಥ ತಯಾರಕರು ಹೆಚ್ಚೆಂದರೆ ಹತ್ತು ವರ್ಷ ಅನ್ನುತ್ತಾರೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎನ್ನುವುದು ಮಿಶೆಲಿನ್ ಸಲಹೆ. ಕೆಲವು ಕಾರು ಕಂಪನಿಗಳು ಆರಕ್ಕೇ ಬದಲಿಸಿ ಅನ್ನುತ್ತವೆ. ನಮ್ಮ ಬಿಸಿಲಿಗೆ, ಅದರಲ್ಲೂ ಬಳ್ಳಾರಿ, ಕಲಬುರಗಿ ಕಡೆ ಬಯಲಲ್ಲಿ ನಿಲ್ಲುವ ಗಾಡಿಗೆ, ಆರು ಅನ್ನುವುದೇ ಸರಿ ಅಂತ ನನ್ನ ಲೆಕ್ಕ. 2013ರ ನವೆಂಬರಿನಲ್ಲಿ ಹಾಲಿವುಡ್ ನಟ ಪಾಲ್ ವಾಕರ್ ಸತ್ತ ಅಪಘಾತ ನೆನಪಿರಬಹುದು. ಕಾರು ಪೋರ್ಷೆ ಕರೆರಾ ಜಿಟಿ. ಅತಿ ವೇಗವೇ ಕಾರಣ ಎಂದು ತನಿಖೆ ಮಾಡಿದವರು ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಬರೆದರು: ಆ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು.

ಇನ್ನು ಗ್ರಿಪ್ ಅಂದರೆ ಏನು? ಟಾರು ರಸ್ತೆ ದೂರದಿಂದ ನುಣುಪಾಗಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದು ಬರೀ ಉಬ್ಬುತಗ್ಗು. ಮೆತ್ತನೆಯ ರಬ್ಬರ್ ಆ ತಗ್ಗುಗಳಿಗೆ ಇಳಿದು ಕಲ್ಲಿನ ಮೂತಿಗಳನ್ನು ಅಪ್ಪಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಆ ರಬ್ಬರ್ ಎಳೆದಾಡಿಕೊಂಡು, ಆ ಎಳೆದಾಟದಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಹೀಗೆ ಕಳೆದುಕೊಳ್ಳುವ ಗುಣ ಇರುವ ರಬ್ಬರಿಗೇ ಗ್ರಿಪ್ ಜಾಸ್ತಿ. ತೊಂದರೆ ಏನೆಂದರೆ ಅದೇ ಗುಣ ನೇರ ರಸ್ತೆಯಲ್ಲಿ ಸುಮ್ಮನೆ ಉರುಳುವಾಗಲೂ ಶಕ್ತಿ ತಿನ್ನುತ್ತದೆ. ಮೈಲೇಜ್ ಇಳಿಯುತ್ತದೆ. ಗ್ರಿಪ್, ಮೈಲೇಜ್, ಬಾಳಿಕೆ ಈ ಮೂರರ ಎಳೆದಾಟ ಟೈರ್ ತಯಾರಿಸುವವರಿಗೆ ಹಳೇ ತಲೆನೋವು.

ಅದನ್ನು ಸ್ವಲ್ಪ ಬಿಡಿಸಿದ್ದು ಸಿಲಿಕಾ, ಅಂದರೆ ಮರಳಿನ ಮೂಲದ ಒಂದು ಬಿಳಿ ಪುಡಿ. 1990ರ ದಶಕದ ಮೊದಲ ವರ್ಷಗಳಲ್ಲಿ ಮಿಶೆಲಿನ್ ಕಂಪನಿ ಕಾರಿನ ಟೈರಿನಲ್ಲಿ ಮಸಿಯ (ಕಾರ್ಬನ್ ಬ್ಲ್ಯಾಕ್) ಬದಲು ಬಹುಪಾಲು ಸಿಲಿಕಾ ಬೆರೆಸಲು ಶುರುಮಾಡಿತು. ಉರುಳುವಾಗ ರಬ್ಬರ್ ಬಳುಕುವುದು ಸೆಕೆಂಡಿಗೆ ಹತ್ತಿಪ್ಪತ್ತು ಸಲ. ಜಾರುವಾಗ ರಸ್ತೆಯ ಕಲ್ಲುಗಳ ಮೇಲೆ ಅದು ಅದುರುವುದು ಸೆಕೆಂಡಿಗೆ ಸಾವಿರಾರು ಸಲ. ಸಿಲಿಕಾ ಬೆರೆತ ರಬ್ಬರ್ ನಿಧಾನ ಬಳುಕಾಟದಲ್ಲಿ ಶಕ್ತಿ ಉಳಿಸುತ್ತದೆ, ವೇಗದ ಅದುರಾಟದಲ್ಲಿ ಮಾತ್ರ ಕಳೆಯುತ್ತದೆ. ಮಳೆಯಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಹಳೇ ಕಾರಿನವರಿಗೆ ಇದು ನಿಜವಾಗಲೂ ಸಿಹಿ ಸುದ್ದಿ. ಆ ಕಾಲದ ಸ್ಪೋರ್ಟ್ಸ್ ಟೈರೇ ಬೇಕು ಅಂತ ಹಟ ಮಾಡಬೇಕಾಗಿಲ್ಲ. ಈಗಿನ ಒಂದು ಒಳ್ಳೆಯ ಮಾಮೂಲಿ ಟೈರ್ ಕೂಡ ಒದ್ದೆ ರಸ್ತೆಯಲ್ಲಿ ಅದಕ್ಕೆ ಸೋಲುವುದಿಲ್ಲ.

ಆದರೆ ಆ ಒಳ್ಳೆಯ ಟೈರ್ ನಮ್ಮ ಸೈಜಿಗೆ ಸಿಗಬೇಕಲ್ಲ! ನನ್ನ ಗಾಡಿಯ ಟೈರಿನ ಮೇಲೆ 175/70 ಆರ್13 82ಟಿ ಅಂತಿದೆ. 175 ಅನ್ನುವುದು ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು ಭಾಗ. ಆರ್ ಅಂದರೆ ರೇಡಿಯಲ್, ಒಳಗಿನ ಹುರಿಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಹಾಯುವ ಬಗೆ. 13 ಇಂಚು ಡಿಸ್ಕಿನ ಅಳತೆ. 82 ಹೊರುವ ಭಾರದ ಸಂಕೇತ, ಒಂದು ಟೈರಿಗೆ 475 ಕೆಜಿ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ತನಕ ತಡೆಯುತ್ತದೆ. ಎಸ್ ಆದರೆ 180, ಎಚ್ 210, ವಿ 240.

‘ನಾನೇನು 210ರಲ್ಲಿ ಓಡಿಸ್ತೀನಾ?’ ಅಂತ ಕೇಳಬಹುದು. ಇಲ್ಲ. ಆದರೆ ಆ ಅಕ್ಷರ ಟೈರಿನ ಕಟ್ಟಡದ ಬಗ್ಗೆಯೂ ಸುಳಿವು ಕೊಡುತ್ತದೆ. ಎಚ್, ವಿ ಟೈರುಗಳು ಸಾಮಾನ್ಯವಾಗಿ ಬಿಸಿಯನ್ನು ಚೆನ್ನಾಗಿ ತಡೆಯುತ್ತವೆ, ಸ್ಟೀರಿಂಗ್ ತಿರುಗಿಸಿದಾಗ ಬೇಗ ಓಗೊಡುತ್ತವೆ. ಒಂದೇ ಸೈಜಿನಲ್ಲಿ ಟಿ ಮತ್ತು ಎಚ್ ಎರಡೂ ಸಿಕ್ಕರೆ ನಾನು ಎಚ್ ತೆಗೆದುಕೊಳ್ಳುತ್ತೇನೆ.

ಹದಿಮೂರು ಇಂಚು ಯಾಕೆ ಬಡವಾಯಿತು ಅಂದರೆ, ಕಾರುಗಳ ಚಕ್ರ ದೊಡ್ಡದಾಗುತ್ತಾ ಹೋಯಿತು. ಒಂದೊಂದು ಸೈಜಿಗೂ ಪ್ರತ್ಯೇಕ ಅಚ್ಚು ಬೇಕು. ಅಚ್ಚು ದುಬಾರಿ. ಹೊಸ ರಬ್ಬರ್, ಹೊಸ ಗೆರೆ ಏನು ಬಂದರೂ ಜಾಸ್ತಿ ಬಿಕರಿಯಾಗುವ ಹದಿನೈದು, ಹದಿನಾರು, ಹದಿನೇಳು ಇಂಚಿಗೆ ಮೊದಲು ಬರುತ್ತದೆ. ಹದಿಮೂರು ಇಂಚಿನವರಿಗೆ ಉಳಿಯುವುದು ಬಾಳಿಕೆಯ ಟೈರು. ಮೊದಲಾದರೆ ಹೊರದೇಶದ ಮಾಲು ಬರುತ್ತಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರು ಟೈರುಗಳನ್ನು ಆಮದು ನಿರ್ಬಂಧದ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ತರಿಸುವ ಹಾಗಿಲ್ಲ. ಜಪಾನಿನಲ್ಲಿ, ಯುರೋಪಿನಲ್ಲಿ ಚಿಕ್ಕ ಸೈಜಿನ ಒಳ್ಳೊಳ್ಳೆ ಸ್ಪೋರ್ಟ್ಸ್ ಟೈರುಗಳು ಇನ್ನೂ ಬರುತ್ತವೆ, ಆದರೆ ಅವು ನಮ್ಮ ಅಂಗಡಿಯ ತನಕ ಬರುವುದು ಕಷ್ಟ. ಇಲ್ಲಿ ಮಾರುವ ಟೈರಿಗೆ ಐಎಸ್‌ಐ ಗುರುತೂ ಕಡ್ಡಾಯ. ‘ದುಬೈನಿಂದ ಬಂದಿದ್ದು ಸಾರ್’ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಮೊದಲು ಆ ಗುರುತು ಹುಡುಕಿ.

ಹಾಗಾದರೆ ದಾರಿ? ಡಿಸ್ಕ್ ಬದಲಿಸಿ ಒಂದು ಇಂಚು ಮೇಲೆ ಹೋಗುವುದು. ಇಲ್ಲಿ ಲೆಕ್ಕ ಮುಖ್ಯ. ಚಕ್ರದ ಒಟ್ಟು ಎತ್ತರ ಬದಲಾಗಬಾರದು. ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಗೇರಿನ ಎಳೆತ ಬದಲಾಗುತ್ತದೆ, ಮಡ್‌ಗಾರ್ಡಿನ ಒಳಗೆ ಉಜ್ಜುತ್ತದೆ. ಲೆಕ್ಕ ಹಾಕುವುದು ಹೈಸ್ಕೂಲ್ ಮಟ್ಟದ್ದು. 13 ಇಂಚು ಅಂದರೆ 330.2 ಮಿಲಿಮೀಟರ್. ಗೋಡೆಯ ಎತ್ತರ 175ರಲ್ಲಿ ನೂರಕ್ಕೆ ಎಪ್ಪತ್ತು, ಅಂದರೆ 122.5. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಸೇರಿ 245. ಒಟ್ಟು 575.2 ಮಿಲಿಮೀಟರ್.

ಈಗ 185/60 ಆರ್14 ತೆಗೆದುಕೊಳ್ಳಿ. 14 ಇಂಚು 355.6. ಗೋಡೆ 111, ಎರಡು ಸೇರಿ 222. ಒಟ್ಟು 577.6. ವ್ಯತ್ಯಾಸ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಇನ್ನೊಂದು ಇಂಚು ಮೇಲೆ ಹೋದರೆ 195/50 ಆರ್15, ಒಟ್ಟು 576. ಇನ್ನೂ ಹತ್ತಿರ. ಮೂರರಲ್ಲೂ ಭಾರದ ಸಂಕೇತ ಅದೇ 82 ಸಿಗುತ್ತದೆ. ಈ ಮೂರು ಸೈಜುಗಳು ಅಣ್ಣತಮ್ಮಂದಿರು ಇದ್ದ ಹಾಗೆ. ಆದರೆ ‘185/65 ಆರ್14 ಸ್ಟಾಕ್ ಇದೆ ಸಾರ್, ಒಂದೇ ಅಂಕಿ ವ್ಯತ್ಯಾಸ’ ಅಂದರೆ ಒಪ್ಪಬೇಡಿ. ಅದರ ಎತ್ತರ 596. ನೂರಕ್ಕೆ ಮೂರೂವರೆಗಿಂತ ಜಾಸ್ತಿ. ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಎಲ್ಲಾ ಗೇರೂ ಉದ್ದವಾಗಿ, ಹಗುರ ಕಾರಿನ ಚುರುಕು ಹೋಗುತ್ತದೆ.

15 ಇಂಚು ನೋಡಲು ಚೆಂದ, ಮತ್ತು 195/50 ಆರ್15ರಲ್ಲಿ ಜಗತ್ತಿನ ಅತ್ಯುತ್ತಮ ಸ್ಪೋರ್ಟ್ಸ್ ಟೈರುಗಳು ಬರುತ್ತವೆ. ಆದರೆ ಗೋಡೆಯ ಎತ್ತರ 122ರಿಂದ 97ಕ್ಕೆ ಇಳಿಯುತ್ತದೆ. ಬೆಂಗಳೂರಿನ ಒಂದು ಮಳೆಗಾಲ ಸಾಕು, ರಿಮ್ ಸೊಟ್ಟಗಾಗುತ್ತದೆ, ಇಲ್ಲವೇ ಟೈರಿನ ಪಕ್ಕ ಉಬ್ಬುತ್ತದೆ. ನಾನು 14ಕ್ಕೆ ನಿಂತೆ.

ಡಿಸ್ಕ್ ಹುಡುಕುವಾಗ ಒಂದು ಗುಂಡಿ ಇದೆ, ರಸ್ತೆಯದ್ದಲ್ಲ. ಎಸ್ಟೀಮಿನ ನಾಲ್ಕು ನಟ್ಟುಗಳು ಕೂರುವ ವೃತ್ತದ ಅಳತೆ 114.3 ಮಿಲಿಮೀಟರ್. 2005ರಲ್ಲಿ ಬಂದ ಸ್ವಿಫ್ಟ್‌ನದ್ದು 100. ‘ಎರಡೂ ಮಾರುತಿ ಅಲ್ವಾ, ಕೂರುತ್ತೆ’ ಅಂತ ಗುಜರಿಯಲ್ಲಿ ಸ್ವಿಫ್ಟ್ ಅಲಾಯ್ ತಂದವರು ಪೆಚ್ಚಾಗಿದ್ದಾರೆ. ಇದರ ಜೊತೆಗೆ ರಿಮ್ ಒಳಗೆ ಎಷ್ಟು ಕೂರುತ್ತದೆ, ಹೊರಗೆ ಎಷ್ಟು ಚಾಚುತ್ತದೆ ಅನ್ನುವ ಅಳತೆಯೂ ಹೊಂದಬೇಕು. ಹೊರಗೆ ಜಾಸ್ತಿ ಚಾಚಿದರೆ ವೀಲ್ ಬೇರಿಂಗ್ ಬೇಗ ಹೋಗುತ್ತದೆ. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಂತಲೂ ಅಲ್ಲ. ಅಗ್ಗದ ಅಲಾಯ್‌ಗಳು ಹಳೇ ಕಬ್ಬಿಣದ ಡಿಸ್ಕಿಗಿಂತ ಭಾರ ಇರುವುದುಂಟು, ತೂಕ ಹಾಕಿಸಿ ನೋಡಿ.

ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗಿ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿ ಹೇಗೂ ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಬೇಕು. ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಟೈರ್ ಹಾಕಿಕೊಂಡು ಹೋದರೆ ಪ್ರಶ್ನೆ ಖಚಿತ. ವಿಮೆಯವರಿಗೂ ತಕರಾರಿಗೆ ಒಂದು ನೆಪ. ಕಂಪನಿಯ ಸೈಜಿನಲ್ಲೇ ಒಳ್ಳೆಯ, ಹೊಸ ತಾರೀಖಿನ ಟೈರ್ ಸಿಕ್ಕರೆ ಡಿಸ್ಕ್ ಬದಲಿಸುವ ಗೋಜಿಗೇ ಹೋಗಬೇಡಿ ಅಂತ ನಾನು ಮೊದಲು ಹೇಳುವುದು ಅದಕ್ಕೇ.

ಅಗಲದ ಹುಚ್ಚಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅಗಲ ಜಾಸ್ತಿಯಾದಷ್ಟೂ ಗ್ರಿಪ್ ಜಾಸ್ತಿ ಎಂದು ಎಲ್ಲರೂ ನಂಬಿರುತ್ತಾರೆ. ಒಣ ರಸ್ತೆಯಲ್ಲಿ, ಭಾರದ ಗಾಡಿಗೆ, ಒಂದು ಮಿತಿಯ ತನಕ ಅದು ನಿಜ. ಒಂಬತ್ತು ನೂರು ಕೆಜಿ ಗಾಡಿಗೆ 205 ಹಾಕಿದರೆ ಟೈರ್ ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ. ಮಳೆಯಲ್ಲಿ ನೀರನ್ನು ಸೀಳಿಕೊಂಡು ರಸ್ತೆ ಮುಟ್ಟುವ ಬದಲು ಟೈರ್ ನೀರಿನ ಮೇಲೆ ತೇಲಲು ಶುರುಮಾಡುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಎಸ್ಟೀಮಾದರೆ ಪಾರ್ಕಿಂಗ್ ಮಾಡುವಾಗ ರಟ್ಟೆ ನೋಯುತ್ತದೆ. ಹತ್ತು ಮಿಲಿಮೀಟರ್ ಹೆಚ್ಚು ಸಾಕು. ಇಪ್ಪತ್ತೇ ಮಿತಿ.

ಇನ್ನು ಯಾವ ಟೈರ್? ಮಾಡೆಲ್‌ಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಹೆಸರಿನ ಕುಲ ಗುರುತಿಸುವುದು ಕಲಿತರೆ ಒಳ್ಳೆಯದು. ಬ್ರಿಜ್‌ಸ್ಟೋನ್‌ನಲ್ಲಿ ಪೊಟೆಂಝಾ ಅಂದರೆ ಸ್ಪೋರ್ಟ್ಸ್, ಟುರಾಂಝಾ ಅಂದರೆ ಮೆತ್ತನೆ ಪ್ರಯಾಣ, ಇಕೋಪಿಯಾ ಮೈಲೇಜಿಗೆ. ಯೊಕೊಹಾಮಾದಲ್ಲಿ ಅಡ್ವಾನ್ ಸ್ಪೋರ್ಟ್ಸ್ ಕಡೆಯದು, ಬ್ಲೂಅರ್ಥ್ ಮೈಲೇಜಿನ ಕಡೆಯದು. ಮಿಶೆಲಿನ್‌ನಲ್ಲಿ ಪೈಲಟ್, ಪ್ರೈಮಸಿ, ಎನರ್ಜಿ ಅದೇ ಸಾಲಿನಲ್ಲಿ. ಚಿಕ್ಕ ಸೈಜಿನಲ್ಲಿ ಸ್ಪೋರ್ಟ್ಸ್ ಕುಲ ಸಿಗದಿದ್ದರೆ ನಡುವಿನದು ಹಿಡಿಯಿರಿ. ಬಾಳಿಕೆ, ಮೈಲೇಜ್ ಎಂದು ಬಾಯಿತುಂಬಾ ಹೇಳುವುದನ್ನು ಬಿಟ್ಟುಬಿಡಿ.

ಕೆಲವು ಟೈರುಗಳ ಗೋಡೆಯ ಮೇಲೆ ಅಮೆರಿಕದ ಪದ್ಧತಿಯ ಟ್ರೆಡ್‌ವೇರ್, ಅಂದರೆ ಸವೆತದ, ಅಂಕಿ ಇರುತ್ತದೆ. 100 ಅನ್ನುವುದು ಹೋಲಿಕೆಯ ಟೈರು. 400 ಇದ್ದರೆ ಅದರ ನಾಲ್ಕು ಪಟ್ಟು ಬಾಳಿಕೆ ಎಂದು ಕಂಪನಿಯ ಮಾತು. ಅಂಕಿ ಕೊಡುವುದು ಕಂಪನಿಯೇ ಆದ್ದರಿಂದ ಬೇರೆ ಬೇರೆ ಬ್ರ್ಯಾಂಡುಗಳನ್ನು ಹೋಲಿಸುವಾಗ ಉಪ್ಪು ಖಾರ ಬೆರೆತಿರುತ್ತದೆ ಅಂತ ನೆನಪಿಡಿ. ಒಂದೇ ಬ್ರ್ಯಾಂಡಿನ ಒಳಗೆ ಹೋಲಿಸಲು ಸಾಕು. 200ರ ಸುತ್ತಮುತ್ತ ಇದ್ದರೆ ಟ್ರ್ಯಾಕ್ ಕಡೆಯ ಮೆತ್ತನೆ ರಬ್ಬರ್. ಅದು ಬಿಸಿಯಾದರೆ ಮಾತ್ರ ಪೂರ್ತಿ ಕಚ್ಚುತ್ತದೆ. ಹಗುರ ಗಾಡಿಯಲ್ಲಿ, ಮಳೆಯಲ್ಲಿ, ಚಾರ್ಮಾಡಿಯ ತಂಪಿನಲ್ಲಿ ಅದು ಬಿಸಿಯಾಗುವುದೇ ಕಷ್ಟ. ದಿನದ ಬಳಕೆಗೆ 300ರ ಆಸುಪಾಸು ನನಗೆ ಹಿಡಿಸಿದ ಜಾಗ. ಅದರ ಪಕ್ಕದಲ್ಲೇ ಒದ್ದೆ ರಸ್ತೆಯ ಬ್ರೇಕಿನ ಅಕ್ಷರವೂ ಇರುತ್ತದೆ. ಎರಡು ಎ ಇದ್ದರೆ ಅತ್ಯುತ್ತಮ, ಒಂದು ಎ ಇದ್ದರೆ ಚೆನ್ನ. ಬಿ ಕಂಡರೆ ನಾನು ಕೆಳಗಿಡುತ್ತೇನೆ.

ಸೈಜಿನ ಗೋಳು ನಮಗೊಬ್ಬರಿಗೇ ಅಲ್ಲ ಅಂತ ಸಮಾಧಾನಕ್ಕೆ ಒಂದು ಕತೆ. 1970ರ ದಶಕದಲ್ಲಿ ಮಿಶೆಲಿನ್ ಟಿಆರ್‌ಎಕ್ಸ್ ಅನ್ನುವ ಟೈರ್ ತಂದಿತು. ಅದರ ರಿಮ್ ಇಂಚಿನ ಲೆಕ್ಕದಲ್ಲಿ ಇರಲಿಲ್ಲ, 390 ಮಿಲಿಮೀಟರ್ ಹೀಗೆ ಇತ್ತು. 15 ಇಂಚು 381, 16 ಇಂಚು 406. ನಡುವೆ ಸಿಕ್ಕಿಕೊಂಡ ಈ ರಿಮ್ಮಿಗೆ ಬೇರೆ ಯಾವ ಟೈರೂ ಕೂರುವುದಿಲ್ಲ. ಆಗಿನ ಹಲವು ಬಿಎಂಡಬ್ಲ್ಯು, ಫೋರ್ಡ್ ಮಸ್ಟಾಂಗ್ ಗಾಡಿಗಳಿಗೆ ಅದನ್ನು ಹಾಕಿದ್ದರು. ಅವನ್ನು ಇಟ್ಟುಕೊಂಡವರು ಈಗ ಮಿಶೆಲಿನ್‌ನ ಹಳೇ ಕಾರು ವಿಭಾಗದಿಂದ ದುಬಾರಿ ಬೆಲೆಗೆ ಕೊಳ್ಳಬೇಕು, ಇಲ್ಲವೇ ರಿಮ್ಮನ್ನೇ ಎಸೆಯಬೇಕು. ನಮ್ಮ 13 ಇಂಚು ಅಷ್ಟರಮಟ್ಟಿಗೆ ಪುಣ್ಯವಂತ. ಮೈಸೂರಿನವರಿಗೆ ಟೈರ್ ಅಂದರೆ ಈಗಲೂ ವಿಕ್ರಾಂತ್, ಅಲ್ಲಿನ ಹಳೇ ಟೈರ್ ಕಾರ್ಖಾನೆ. 1997ರಲ್ಲಿ ಜೆಕೆ ಟೈರ್ ಕಂಪನಿಯ ಕೈಗೆ ಹೋದ ಮೇಲೂ ಅಲ್ಲಿ ರಬ್ಬರ್ ಬೇಯುತ್ತಲೇ ಇದೆ. ಹಳೇ ಕಾರಿನವರಿಗೆಂದು ಮೆತ್ತನೆಯ ಒಂದು ಬ್ಯಾಚ್ ಬೇಯಿಸಿಕೊಟ್ಟರೆ ನಾನು ಮೊದಲ ಗಿರಾಕಿ.

ಟೈರ್ ತರುವ ಮೊದಲು ಗಾಡಿಯ ಕೆಳಗೆ ನೋಡಿಸಿ. ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಇಪ್ಪತ್ತು ವರ್ಷದ ಕಾರಿನಲ್ಲಿ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಇವುಗಳೂ ಟೈರಿನ ಹಾಗೇ ಮುದಿಯಾಗಿರುತ್ತವೆ. ಅವುಗಳಲ್ಲೂ ರಬ್ಬರ್ ಇದೆ ತಾನೆ! ಬುಷ್ ಸಡಿಲ ಇದ್ದರೆ ಬ್ರೇಕ್ ಒತ್ತಿದಾಗ ಚಕ್ರದ ಕೋನವೇ ಬದಲಾಗುತ್ತದೆ. ಹಳೇ ಟೈರ್ ಜಾರುತ್ತಿದ್ದಾಗ ಈ ಸಡಿಲ ಗೊತ್ತಾಗುತ್ತಿರಲಿಲ್ಲ. ಕಚ್ಚುವ ಟೈರ್ ಬಂದ ದಿನದಿಂದ ಜಾಯಿಂಟುಗಳ ಮೇಲೆ ಎಳೆತ ಜಾಸ್ತಿಯಾಗಿ, ಗಾಡಿ ಅತ್ತಿತ್ತ ತುಯ್ಯಲು ಶುರುವಾಗುತ್ತದೆ. ಆಗ ಬೈಗುಳ ಹೊಸ ಟೈರಿಗೆ. ನಾನು ಮೊದಲು ಬುಷ್ ಮತ್ತು ಮುಂದಿನ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಹಳೇ ಟೈರಿನಲ್ಲೇ ಗಾಡಿ ಅರ್ಧ ಸರಿಹೋಯಿತು. ಆಮೇಲೆ ಟೈರ್.

ಹಾಕಿಸುವಾಗ ಹಳೇ ರಿಮ್ಮಿನ ಅಂಚಿನ ತುಕ್ಕು ಉಜ್ಜಿಸಿ, ಇಲ್ಲದಿದ್ದರೆ ಟ್ಯೂಬ್‌ಲೆಸ್ ಟೈರಿನಿಂದ ಗಾಳಿ ನಿಧಾನ ಇಳಿಯುತ್ತಲೇ ಇರುತ್ತದೆ. ವಾಲ್ವ್ ಹೊಸದು ಹಾಕಿಸಿ, ಹತ್ತಿಪ್ಪತ್ತು ರೂಪಾಯಿಗೆ ಜಿಪುಣತನ ಬೇಡ. ಗಾಳಿ ಗಾಡಿಯ ಬಾಗಿಲಿನ ಅಥವಾ ಪುಸ್ತಕದ ಅಳತೆಯಷ್ಟು. ಟೈರಿನ ಗೋಡೆಯ ಮೇಲಿರುವುದು ಗರಿಷ್ಠ ಮಿತಿ, ಅಷ್ಟು ಹೊಡೆಸಿದರೆ ಹಗುರ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಎರಡೇ ಟೈರ್ ಕೊಳ್ಳುವ ಶಕ್ತಿ ಇದ್ದರೆ ಹೊಸವು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಗಾಡಿಗೂ ಹಿಂದಕ್ಕೇ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮರಳಿ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಸುತ್ತು ಹೊಡೆಯುತ್ತದೆ, ನಮ್ಮಂಥವರ ಕೈಗೆ ಸಿಗುವುದಿಲ್ಲ. ಮೊದಲ ಮುನ್ನೂರು ಕಿಲೋಮೀಟರ್ ಮೆಲ್ಲಗೆ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಸವರಿದ ಜಾರು ಪದಾರ್ಥ ಮೇಲ್ಮೈಯಿಂದ ಹೋಗಲು ಅಷ್ಟು ಬೇಕು.

ಕೊನೆಗೆ ಸ್ಟೆಪ್ನಿ. ಎಲ್ಲಾ ಮುಗಿದ ಮೇಲೆ ಡಿಕ್ಕಿ ತೆಗೆದು ನೋಡಿದೆ. ಹಳೇ 13 ಇಂಚಿನ ಸ್ಟೆಪ್ನಿ, ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ರಬ್ಬರ್ ಕೂದಲು ಹಾಗೇ ಇತ್ತು. ತಾರೀಖು 3503. ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಅಂಗಡಿಯವರು ‘ಹೊಸ ಟೈರ್ ಇದ್ದಂಗಿದೆ, ನಾನೇ ತಗೋತೀನಿ ಸಾರ್’ ಅಂದರು. ಕೊಡಲಿಲ್ಲ. ಡಿಸ್ಕ್ ಇಟ್ಟುಕೊಂಡು, ಟೈರಿನ ಅಂಚನ್ನು ಅಲ್ಲೇ ಕೊಯ್ಯಿಸಿದೆ. ಅದೇ ಡಿಸ್ಕಿಗೆ ಬಾಳಿಕೆಯ ಟೈರ್ ಒಂದನ್ನು, ಆ ವರ್ಷದ ತಾರೀಖಿನದ್ದು, ಏರಿಸಿದ್ದಾಯಿತು. 14 ಇಂಚಿನ ಚಕ್ರಕ್ಕೂ ಅದಕ್ಕೂ ಎತ್ತರದಲ್ಲಿ ವ್ಯತ್ಯಾಸ ಎರಡೂವರೆ ಮಿಲಿಮೀಟರಿನ ಒಳಗೆ. ದಾರಿಯಲ್ಲಿ ಪಂಕ್ಚರ್ ಆದರೆ ಮುಂದಿನ ಊರಿನ ತನಕ ನಿಧಾನವಾಗಿ ಹೋಗಲು ಧಾರಾಳ.